ರನ್ನನ ಗದೆ ನಮ್ಮ ಮಕ್ಕಳ ಕೈಗೆ: ರೆಸ್ಟನ್ ಸುತ್ತಲಿನ ಕನ್ನಡ ತಂದೆತಾಯಂದಿರಿಗೊಂದು ಬಹಿರಂಗ ಪತ್ರ

ರೆಸ್ಟನ್, ಹರ್ನ್‌ಡನ್, ಸ್ಟರ್ಲಿಂಗ್, ಆಶ್‌ಬರ್ನ್ ಕಡೆಯ ಕನ್ನಡ ತಂದೆತಾಯಂದಿರೇ,

ಭಾನುವಾರಗಳಲ್ಲಿ ನಿಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುವವರಲ್ಲಿ ನಾನೂ ಒಬ್ಬಳು. ವರ್ಷದ ಕೊನೆಯ ಕಾರ್ಯಕ್ರಮಕ್ಕೆ ದೊಡ್ಡ ಮಕ್ಕಳ ಗುಂಪು ‘ಬ್ಲ್ಯಾಕ್ ಮಿಥ್: ವುಕಾಂಗ್’ ಎಂಬ ವಿಡಿಯೋ ಗೇಮ್ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇವೆ ಎಂದಿತು. ನಾನು ಆಗಲಿ ಎಂದೆ. ಸುದ್ದಿ ಕಿವಿಗೆ ಬಿದ್ದ ಮೇಲೆ ನಿಮ್ಮಲ್ಲಿ ಹಲವರು ಫೋನ್ ಮಾಡಿದಿರಿ. “ಮನೆಯಲ್ಲಿ ಬಿಡಿಸೋಕಾಗದ ಚಟವನ್ನ ನೀವು ಸ್ಟೇಜ್ ಹತ್ತಿಸ್ತೀರಾ?” ಎಂದು ಒಬ್ಬ ತಾಯಿ ಕೇಳಿದರು. “ಕುಮಾರವ್ಯಾಸನ್ನ ಹೇಳಿಕೊಡ್ತೀರಿ ಅಂತ ಕಳಿಸಿದ್ರೆ ದೊಣ್ಣೆ ಬೀಸೋ ಕೋತಿ ಕಥೆ ಹೇಳಿಸ್ತಿದೀರಲ್ಲ” ಎಂದರು ಇನ್ನೊಬ್ಬರು. ಇಬ್ಬರ ಸಂಕಟವೂ ನಿಜವಾದದ್ದೇ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಎಲ್ಲರಿಗೂ ಸೇರಿಸಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪುತ್ತೇನೆ. ನಡುರಾತ್ರಿ ದಾಟುವವರೆಗೆ ಆಡಿ, ಬೆಳಗ್ಗೆ ಸ್ಕೂಲ್ ಬಸ್ಸು ತಪ್ಪಿಸಿಕೊಂಡು, ಊಟದ ಟೇಬಲ್ಲಿನಲ್ಲಿ ಯಾರ ಜೊತೆಗೂ ಮಾತಾಡದ ಮಕ್ಕಳನ್ನು ನಾನೂ ನೋಡಿದ್ದೇನೆ. ಅದಕ್ಕೆ ಕಡಿವಾಣ ಹಾಕುವುದು ನಿಮ್ಮ ಹಕ್ಕು. ಗೇಮಿನ ಡಬ್ಬಿಯ ಮೇಲಿರುವ ವಯಸ್ಸಿನ ಗುರುತನ್ನು ನೋಡದೆ ಕೊಡಿಸಬೇಡಿ ಎಂದು ನಾನೇ ಹೇಳುತ್ತೇನೆ. ಆದರೆ ಎಷ್ಟು ಹೊತ್ತು ಆಡಬೇಕು ಎಂಬುದು ಒಂದು ಪ್ರಶ್ನೆ, ಆಡುತ್ತಿರುವುದು ಎಂಥದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೂ ಉತ್ತರ ಸಿಕ್ಕಿತು ಎಂದುಕೊಂಡರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಸಿನಿಮಾ ಹುಚ್ಚು ಹತ್ತಿದ ಹುಡುಗರು ಎಲ್ಲ ಕಾಲದಲ್ಲೂ ಇದ್ದರು. ಹಾಗಂತ ‘ಸಂಸ್ಕಾರ’ವನ್ನೂ ‘ಘಟಶ್ರಾದ್ಧ’ವನ್ನೂ ಯಾರೂ ಚಟದ ಲೆಕ್ಕಕ್ಕೆ ಸೇರಿಸಲಿಲ್ಲ.

ಇನ್ನು ಆ ಕೋತಿಯ ವಿಷಯ. ಹ್ಯೂಯೆನ್ ತ್ಸಾಂಗ್ ಎಂಬ ಚೀನೀ ಯಾತ್ರಿಕನ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಹರ್ಷವರ್ಧನನಿಗೂ ಬಗ್ಗದ ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ, ಅವನ ಯೋಧರ ಬಗ್ಗೆ, ಹೆಂಡ ಕುಡಿಸಿ ಕಾಳಗಕ್ಕೆ ನುಗ್ಗಿಸುತ್ತಿದ್ದ ಆನೆಗಳ ಬಗ್ಗೆ ಬರೆದಿಟ್ಟವನು ಅವನೇ. ವರ್ಷಗಟ್ಟಲೆ ಭಾರತ ಸುತ್ತಿ, ಬೌದ್ಧ ಗ್ರಂಥಗಳನ್ನು ಹೊತ್ತುಕೊಂಡು 645ರಲ್ಲಿ ಅವನು ಚೀನಾಕ್ಕೆ ಮರಳಿದ. ಆ ಯಾತ್ರೆ ಜನರ ಬಾಯಲ್ಲಿ ಕಥೆಯಾಗಿ ಬೆಳೆಯಿತು, ನಾಟಕವಾಯಿತು, ಸುಮಾರು ಸಾವಿರ ವರ್ಷಗಳ ನಂತರ, 1592ರಲ್ಲಿ, ನೂರು ಅಧ್ಯಾಯಗಳ ಕಾದಂಬರಿಯಾಗಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ‘ಜರ್ನಿ ಟು ದ ವೆಸ್ಟ್’ ಎನ್ನುವುದು ಅದಕ್ಕೇ. ಬರೆದವನು ವು ಚೆಂಗ್‌ಎನ್ ಎಂಬುದು ರೂಢಿಯ ಮಾತು. ಆ ಯಾತ್ರಿಕ ಸನ್ಯಾಸಿಗೆ ದಾರಿಯುದ್ದಕ್ಕೂ ಬೆಂಗಾವಲಾಗಿ ಬರುವ ವಾನರನೇ ಸುನ್ ವುಕಾಂಗ್. ಅವನು ಕಲ್ಲಿನಿಂದ ಹುಟ್ಟಿದವನು, ಸ್ವರ್ಗದ ಮೇಲೇ ದಂಡೆತ್ತಿ ಹೋದವನು, ಬೇಕೆಂದಾಗ ಬೆಟ್ಟದಷ್ಟು, ಬೇಡವೆಂದಾಗ ಸೂಜಿಯಷ್ಟು ಆಗುವ ದೊಣ್ಣೆಯನ್ನು ಹಿಡಿದವನು. ಅವನನ್ನು ಹದ್ದಿನಲ್ಲಿಡಲು ತಲೆಗೊಂದು ಚಿನ್ನದ ಬಳೆ ತೊಡಿಸುತ್ತಾರೆ. ಅವನು ಎದುರು ಬಿದ್ದಾಗ ಗುರು ಮಂತ್ರ ಹೇಳಿದರೆ ಸಾಕು, ಬಳೆ ಬಿಗಿಯಾಗಿ ತಲೆ ಸಿಡಿಯುವಷ್ಟು ನೋವು. ಕಾದಂಬರಿಯ ಕೊನೆಯಲ್ಲಿ ವುಕಾಂಗ್ ಬುದ್ಧಪದವಿಗೆ ಏರುತ್ತಾನೆ. ಆಗ ತಲೆ ಮುಟ್ಟಿ ನೋಡಿಕೊಂಡರೆ ಬಳೆ ತಾನಾಗಿ ಮಾಯವಾಗಿರುತ್ತದೆ.

ಚೀನಾದ ಗೇಮ್ ಸೈನ್ಸ್ ಎಂಬ ಸಂಸ್ಥೆ 2024ರ ಆಗಸ್ಟ್ 20ರಂದು ಬಿಡುಗಡೆ ಮಾಡಿದ ಗೇಮ್ ಶುರುವಾಗುವುದೇ ಆ ಬಳೆಯಿಂದ. ಬುದ್ಧನಾದ ವುಕಾಂಗ್ ಪದವಿ ತೊರೆದು ತನ್ನ ಬೆಟ್ಟಕ್ಕೆ ಹಿಂದಿರುಗಿದ್ದಾನೆ. ಸ್ವರ್ಗದ ಸೈನ್ಯ ಅವನನ್ನು ಹುಡುಕಿಕೊಂಡು ಬರುತ್ತದೆ. ಕಾಳಗದ ನಟ್ಟನಡುವೆ, ಎಂದೋ ಮಾಯವಾಗಿದ್ದ ಬಳೆ ತಲೆಯ ಮೇಲೆ ಮತ್ತೆ ಮೂಡುತ್ತದೆ. ಅವನು ಸೋತು ಕಲ್ಲಾಗುತ್ತಾನೆ. ನಮ್ಮ ಮಕ್ಕಳು ಆಡುವುದು ಅವನ ನಂತರ ಬಂದ ಹೆಸರಿಲ್ಲದ ಒಬ್ಬ ಎಳೆಯ ವಾನರನಾಗಿ. ವುಕಾಂಗ್‌ನ ಚದುರಿಹೋದ ಆರು ಅವಶೇಷಗಳನ್ನು ಒಂದೊಂದಾಗಿ ಹುಡುಕುತ್ತಾ ಆರು ಅಧ್ಯಾಯ ದಾಟಬೇಕು. ಕೊನೆಗೆ ಆ ಬಳೆ ಈ ಎಳೆಯನ ತಲೆಗೂ ಏರುತ್ತದೆಯೇ, ಇಲ್ಲವೇ? ಆಡುವವನು ದಾರಿಯಲ್ಲಿ ಎಷ್ಟು ಆಳಕ್ಕೆ ಹುಡುಕಿದ ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ವಿಧೇಯತೆಯಿಂದ ಬಂದ ಮುಕ್ತಿ ಮುಕ್ತಿಯೇ ಎಂದು ಮೂಲ ಕಾದಂಬರಿ ಓದಿದವರು ಕೇಳಿಕೊಳ್ಳುತ್ತಾ ಬಂದ ಪ್ರಶ್ನೆಯನ್ನೇ ಈ ಗೇಮ್ ಎತ್ತಿಕೊಂಡಿದೆ. ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಖರ್ಚಾದವು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ತಾಣದಲ್ಲಿ ಒಂದೇ ಹೊತ್ತಿಗೆ 24 ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದರು. ನಾಲ್ಕು ಶತಮಾನ ಹಳೆಯ ಪುಸ್ತಕವೊಂದು ಅಷ್ಟು ಜನರನ್ನು ಒಟ್ಟಿಗೆ ಕೂರಿಸಿದೆ ಎಂದರೆ ನಾವು ಒಂದು ಸಲ ತಿರುಗಿ ನೋಡಬೇಕು.

ನಾನು ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ ಅವನ ಪಕ್ಕ ಕೂತು ನೋಡಿದೆ. ಎರಡನೆಯ ಅಧ್ಯಾಯದಲ್ಲಿ ಹಳದಿ ಧೂಳು ಏಳುವ ಬಂಜರು ನಾಡು ಬರುತ್ತದೆ. ಅಲ್ಲಿ ತಲೆಯೇ ಇಲ್ಲದ ಸನ್ಯಾಸಿಯೊಬ್ಬ ಮೂರು ತಂತಿಯ ವಾದ್ಯ ಮೀಟುತ್ತಾ ಕೂತು ಹಾಡುತ್ತಾನೆ. ಅದು ಉತ್ತರ ಶಾನ್ಷಿಯ (Shaanxi) ಹಳ್ಳಿಗಾಡಿನಲ್ಲಿ ಕಥೆ ಹೇಳುವವರ ಹಾಡು. ನಮ್ಮ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವ ಹಾಗೆಯೇ ಗಂಟಲು ತುಂಬಿ ಬರುವ ದನಿ. ಅಷ್ಟು ಹೊತ್ತು ಬೆರಳು ನಿಲ್ಲಿಸದೆ ಹೊಡೆದಾಡುತ್ತಿದ್ದ ಹುಡುಗ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಹಾಡು ಮುಗಿಯುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಗೇಮಿನೊಳಗೇ ಇರುವ ಒಂದು ಪುಸ್ತಕ ತೆರೆದು ತೋರಿಸಿದ. ಎದುರಾದ ಪ್ರತಿ ದೈತ್ಯನಿಗೂ ಅದರಲ್ಲಿ ಒಂದು ಚಿತ್ರ, ತಲೆಯ ಮೇಲೆ ನಾಲ್ಕು ಸಾಲಿನ ಪದ್ಯ, ಕೆಳಗೆ ಅವನ ಹಿಂದಿನ ಬಾಳಿನ ಕಥೆ. “ಆಂಟಿ, ಇವನು ಮೊದಲು ಒಳ್ಳೆಯವನೇ ಇದ್ದ. ನಾನು ಹೊಡೆದ ಮೇಲೆ ಇದನ್ನ ಓದಿದೆ” ಎಂದ. ಆ ಮಾತನ್ನು ಅವನು ತಡವರಿಸುತ್ತಾ, ಆದರೆ ಪೂರ್ತಿ ಕನ್ನಡದಲ್ಲೇ ಹೇಳಿದ.

ಎಲ್ಲ ಗೇಮುಗಳೂ ಹೀಗಿಲ್ಲ. ಹಳೆಯ ಕಾವ್ಯದ ಹೆಸರಿದ್ದ ಮಾತ್ರಕ್ಕೆ ಯಾವುದೂ ಕಾವ್ಯವಾಗುವುದಿಲ್ಲ ಎಂಬುದಕ್ಕೆ ಅಮೆರಿಕದಲ್ಲೇ ತಯಾರಾದ ಉದಾಹರಣೆಯಿದೆ. 2010ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ‘ಡಾಂಟೇಸ್ ಇನ್ಫರ್ನೋ’ ಎಂಬ ಗೇಮ್ ತಂದಿತು. ಇಟಲಿಯ ಮಹಾಕವಿ ಡಾಂಟೆ ತನ್ನ ಕಾವ್ಯದಲ್ಲಿ ನರಕದ ಒಂಬತ್ತು ಸುತ್ತುಗಳನ್ನು ಇಳಿದು ಹೋಗುತ್ತಾನೆ. ಅವನ ಕೈಯಲ್ಲಿ ಆಯುಧವಿಲ್ಲ. ಅವನು ಮಾಡುವುದು ಮೂರೇ ಕೆಲಸ: ನಡೆಯುವುದು, ಕೇಳುವುದು, ಕೇಳಿದ್ದಕ್ಕೆ ಮರುಗುವುದು. ಎರಡನೆಯ ಸುತ್ತಿನಲ್ಲಿ ಫ್ರಾಂಚೆಸ್ಕಾ ಎಂಬವಳು ತನ್ನ ಪ್ರೇಮದ ಕಥೆ ಹೇಳಿದಾಗ ಅವನು ಮೂರ್ಛೆ ಹೋಗಿ ಬೀಳುತ್ತಾನೆ. ಗೇಮಿನಲ್ಲಿ ಅದೇ ಡಾಂಟೆ ಧರ್ಮಯುದ್ಧದ ಸೈನಿಕನಾಗಿದ್ದಾನೆ, ಸಾವಿನ ದೇವತೆಯನ್ನೇ ಸೋಲಿಸಿ ಕಿತ್ತುಕೊಂಡ ಕುಡುಗೋಲನ್ನು ಬೀಸುತ್ತಾ ನರಕವನ್ನು ಕೊಚ್ಚುತ್ತಾ ಹೋಗುತ್ತಾನೆ. ಫ್ರಾಂಚೆಸ್ಕಾ ಅಲ್ಲೂ ಸಿಗುತ್ತಾಳೆ. ಅವಳನ್ನು ಶಿಕ್ಷಿಸಲು ಒಂದು ಗುಂಡಿ, ಕ್ಷಮಿಸಲು ಇನ್ನೊಂದು. ಯಾವುದು ಒತ್ತಿದರೂ ಆಡುವವನಿಗೆ ಲಾಭವೇ. ಕವಿಗೆ ತಡೆದುಕೊಳ್ಳಲಾಗದೆ ಹೋದ ದುಃಖ ಇಲ್ಲಿ ಅಂಕ ಕೂಡಿಹಾಕುವ ದಾರಿಯಾಗಿದೆ. ಬಿಡುಗಡೆಗೆ ಮುಂಚೆ, 2009ರಲ್ಲಿ, ಲಾಸ್ ಏಂಜಲೀಸ್‌ನ ಗೇಮ್ ಮೇಳದ ಹೊರಗೆ ಕ್ರೈಸ್ತ ಭಕ್ತರ ವೇಷದ ಬಾಡಿಗೆಯ ಜನರನ್ನು ನಿಲ್ಲಿಸಿ, ತಮ್ಮ ಗೇಮಿನ ವಿರುದ್ಧ ತಾವೇ ಪ್ರತಿಭಟನೆ ಮಾಡಿಸಿದರು. ಇದನ್ನು ನೋಡಿ ನಿಮಗೆ ಗೇಮುಗಳ ಮೇಲೆ ಜಿಗುಪ್ಸೆ ಬಂದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೂ ಒಂದು ಸಂಗತಿ ಮುಚ್ಚಿಡಬಾರದು. ಅದೇ ಹೊತ್ತಿಗೆ, ಡಾಂಟೆಯ ಕಾವ್ಯಕ್ಕೆ ಲಾಂಗ್‌ಫೆಲೋ ಮಾಡಿದ ಹತ್ತೊಂಬತ್ತನೆಯ ಶತಮಾನದ ಅನುವಾದವನ್ನು ಗೇಮಿನ ಚಿತ್ರದ ರಕ್ಷಾಪುಟ ಹಾಕಿ ಅಂಗಡಿಗಳಿಗೆ ಬಿಟ್ಟರು. ಅದರಿಂದ ಡಾಂಟೆಯನ್ನು ಮೊದಲ ಸಲ ತೆರೆದ ಹುಡುಗನೊಬ್ಬ ಎಲ್ಲಾದರೂ ಇದ್ದರೆ ಅವನ ಬಗ್ಗೆ ನನಗೆ ಸಂತೋಷವೇ.

ಈ ಎರಡು ಗೇಮುಗಳ ನಡುವಿನ ವ್ಯತ್ಯಾಸವೇ ನಾನು ನಿಮಗೆ ಹೇಳಬೇಕೆಂದಿರುವುದು. ಕಾವ್ಯದಲ್ಲಿ ವೀರನು ಮಾಡಿದ್ದನ್ನು ನಾವು ಓದುತ್ತೇವೆ, ಕೇಳುತ್ತೇವೆ. ಗೇಮಿನಲ್ಲಿ ಅದನ್ನು ನಾವೇ ಮಾಡಬೇಕು. ಹೊಡೆತ ಬೀಳುವುದು ನಮ್ಮ ಬೆರಳಿನಿಂದ. ಆ ‘ಮಾಡುವುದಕ್ಕೆ’ ಅರ್ಥ ಬರುವಂತೆ ಕಟ್ಟಿದರೆ ಗೇಮು ಮೂಲಕ್ಕೆ ಹೊಸ ವ್ಯಾಖ್ಯಾನವಾಗುತ್ತದೆ. ಇಲ್ಲವಾದರೆ ಕವಿಯ ಹೆಸರು ಬರೀ ಬೋರ್ಡಾಗಿ ಉಳಿಯುತ್ತದೆ. ಮಗ ಯಾವುದನ್ನು ಆಡುತ್ತಿದ್ದಾನೆ ಎಂದು ಪಕ್ಕ ಕೂತು ನೋಡದೆ ಇದು ಯಾವ ಜಾತಿಯದು ಎಂದು ಹೇಳಲಾಗುವುದಿಲ್ಲ.

ನಾವಿರುವ ಊರಿನ ಹತ್ತಿರವೇ ಈ ವಾದ ದೊಡ್ಡ ಮಟ್ಟದಲ್ಲಿ ನಡೆದು ಹೋಗಿದೆ. ಹಿಂಸೆಯ ವಿಡಿಯೋ ಗೇಮುಗಳನ್ನು ಅಪ್ರಾಪ್ತರಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ 2005ರಲ್ಲಿ ಕಾನೂನು ಮಾಡಿತ್ತು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 2011ರ ಜೂನ್ 27ರಂದು ಅದನ್ನು ತಳ್ಳಿಹಾಕಿತು. ಪುಸ್ತಕ, ನಾಟಕ, ಸಿನಿಮಾಗಳಿಗಿರುವ ರಕ್ಷಣೆಯೇ ಗೇಮಿಗೂ ಉಂಟು ಎಂದು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಮಕ್ಕಳ ಕಥೆಗಳಲ್ಲಿ ಹಿಂಸೆ ಹೊಸದಲ್ಲ ಎನ್ನಲು ಅವರು ಗ್ರಿಮ್ ಸೋದರರ ಕಥೆಗಳನ್ನೂ ಹೋಮರನನ್ನೂ ಡಾಂಟೆಯನ್ನೂ ನೆನೆದರು. ತೀರ್ಪನ್ನು ಒಪ್ಪಿಯೂ ನ್ಯಾಯಮೂರ್ತಿ ಅಲಿಟೋ ಬೇರೆಯಾಗಿ ಒಂದು ಎಚ್ಚರಿಕೆ ಬರೆದರು: ಓದುವುದೂ ಕೈಯಾರೆ ಆಡುವುದೂ ಒಂದೇ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ನಿಮ್ಮ ಅಳುಕು ಅಲಿಟೋ ಅವರ ಅಳುಕಿಗೆ ಹತ್ತಿರವಾದದ್ದು. ನನಗೂ ಅದರಲ್ಲಿ ಹುರುಳು ಕಾಣುತ್ತದೆ, ಏಕೆಂದರೆ ಗೇಮಿನ ಶಕ್ತಿ ಇರುವುದೂ ಅಪಾಯ ಇರುವುದೂ ಅದೇ ಜಾಗದಲ್ಲಿ. ಮರುವರ್ಷ, 2012ರಲ್ಲಿ, ಸ್ಮಿತ್ಸೋನಿಯನ್ನಿನ ಅಮೆರಿಕನ್ ಕಲಾ ವಸ್ತುಸಂಗ್ರಹಾಲಯ 80 ಗೇಮುಗಳನ್ನಿಟ್ಟು ‘ವಿಡಿಯೋ ಗೇಮ್ ಕಲೆ’ ಎಂಬ ಪ್ರದರ್ಶನವನ್ನೇ ಮಾಡಿತು.

ನಮ್ಮವರಿಗೆ ಇದೆಲ್ಲ ಅಷ್ಟು ಅಪರಿಚಿತವೇ? 941ರಲ್ಲಿ ಪಂಪ ವ್ಯಾಸಭಾರತವನ್ನು ಕನ್ನಡಕ್ಕೆ ತಂದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ಮೂಲ ಕೆಡಿಸಿದ ಎಂದು ನಾವು ಪಂಪನನ್ನು ದೂರ ಇಟ್ಟೆವೇ? ಆದಿಕವಿ ಎಂದು ತಲೆಯ ಮೇಲೆ ಹೊತ್ತೆವು. ಇನ್ನು ತಾಳಮದ್ದಳೆಯಲ್ಲಿ ನಡೆಯುವುದೇನು? ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ವೇಷವಿಲ್ಲದೆ, ಬಿಳಿ ಪಂಚೆಯಲ್ಲಿ ಕೂತು ‘ನಾನು ಕೌರವ’ ಎಂದು ಮಾತು ಎತ್ತುತ್ತಾನೆ. ಪದ್ಯ ಬದಲಾಗುವುದಿಲ್ಲ, ಆದರೆ ಇವತ್ತಿನ ಕೌರವ ನಿನ್ನೆಯ ಕೌರವನಲ್ಲ. ಎದುರಿನ ಅರ್ಥಧಾರಿ ಹಾಕುವ ಪ್ರಶ್ನೆಗೆ ತಕ್ಕಂತೆ ಅವನು ಗಟ್ಟಿಯಾಗುತ್ತಾನೆ, ಸಡಿಲವಾಗುತ್ತಾನೆ. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲು ಜನ ಬೆಳತನಕ ಕೂರುತ್ತಿದ್ದುದು ಇದಕ್ಕೇ. ಗೊತ್ತಿರುವ ಕಥೆಯೊಳಗೆ ಒಬ್ಬ ಮನುಷ್ಯ ಇಳಿದು, ಪಾತ್ರವನ್ನು ತನ್ನದಾಗಿಸಿಕೊಂಡು, ಅದರ ಭಾರ ಹೊತ್ತು ನಡೆಯುವುದನ್ನು ಕಲೆಯೆಂದು ಒಪ್ಪಿದ ಜನ ನಾವು. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ ಗೇಮಿನ ಬಗ್ಗೆ ಅಮೆರಿಕದ ಹಿಂದೂ ಮುಖಂಡ ರಾಜನ್ ಜೆಡ್ ಆಕ್ಷೇಪ ಎತ್ತಿದ್ದರು. ದೇವರನ್ನು ಆಟಗಾರ ತನ್ನ ಬೆರಳಲ್ಲಿ ಕುಣಿಸುವುದು ಸಲ್ಲದು ಎಂಬುದು ಅವರ ಮಾತಿನ ಸಾರ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿಯಿಡೀ ರಂಗದ ಮೇಲೆ ಹನುಮಂತನನ್ನು ಕುಣಿಸಿದ ನಾಡಿನವರಾಗಿ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಕುಣಿತದಲ್ಲಿ ಭಕ್ತಿ ಇತ್ತೇ, ಬುದ್ಧಿ ಇತ್ತೇ?

ಈಗ ನನ್ನ ಮನಸ್ಸಿನಲ್ಲಿರುವ ನಿಜವಾದ ವಿಷಯಕ್ಕೆ ಬರುತ್ತೇನೆ. ವುಕಾಂಗ್ ಆಡಿ ಮುಗಿಸಿದ ಮಕ್ಕಳು “ನಮ್ಮದರಲ್ಲಿ ಇಂಥದ್ದು ಇಲ್ವಾ?” ಎಂದು ಕೇಳಿದರು. ಇದೆ. ಮುಧೋಳದ ರನ್ನನ ‘ಗದಾಯುದ್ಧ’ ಇದೆ.

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೆ ಏರಿದ ಕವಿ ಬರೆದ ಹತ್ತು ಆಶ್ವಾಸದ ಕಾವ್ಯ ಅದು. ಪಂಪಭಾರತದ ಹದಿಮೂರನೆಯ ಆಶ್ವಾಸವೊಂದನ್ನೇ ಆಧಾರವಾಗಿಟ್ಟುಕೊಂಡು, ಯುದ್ಧದ ಕೊನೆಯ ದಿನದಲ್ಲಿ ನಿಂತು, ಸಿಂಹ ಹಿಂದಿರುಗಿ ನೋಡಿದಂತೆ ಇಡೀ ಭಾರತವನ್ನು ಹಿಂದಕ್ಕೆ ನೋಡುತ್ತಾ ರನ್ನ ಕಥೆ ಹೇಳುತ್ತಾನೆ. ಭೀಮನೇ ನಾಯಕ, ಅವನಲ್ಲಿ ಕವಿ ಕಂಡದ್ದು ಚಾಲುಕ್ಯ ಸತ್ಯಾಶ್ರಯನನ್ನು. ಆದರೆ ಕಾವ್ಯ ಓದಿ ಪುಸ್ತಕ ಮುಚ್ಚಿದ ಮೇಲೆ ಕಣ್ಣಮುಂದೆ ನಿಲ್ಲುವವನು ದುರ್ಯೋಧನ. ಬಿ.ಎಂ.ಶ್ರೀ. ಇದನ್ನು ನಾಟಕವಾಗಿಸಿದಾಗ ಅವನ ದುರಂತವನ್ನೇ ಎತ್ತಿ ಹಿಡಿದರು.

ಆ ನಡಿಗೆಯನ್ನು ಸ್ವಲ್ಪ ನೆನೆಯಿರಿ. ಹನ್ನೊಂದು ಅಕ್ಷೌಹಿಣಿಯ ಒಡೆಯ, ಈಗ ಜೊತೆಗಿರುವುದು ಸಂಜಯ ಒಬ್ಬ. ಭೀಷ್ಮನನ್ನು ಕಾಣಲು ರಣರಂಗದ ನಡುವೆ ನಡೆದು ಹೋಗಬೇಕು. ಮರುಳುಗಳು ಹೆಣಗಳ ಮೇಲೆ ಕುಣಿಯುತ್ತಿವೆ. ದ್ರೋಣ ಬಿದ್ದಿದ್ದಾನೆ. ಮುಂದೆ ಅಭಿಮನ್ಯು. ಅವನನ್ನು ಮೋಸದಿಂದ ಕೊಲ್ಲಿಸಿದವನೇ ಅವನ ಹೆಣದ ಮುಂದೆ ನಿಂತು, ಇಂಥ ಸಾಹಸದ ಸಾವು ತನಗೂ ಬರಲೆಂದು ಬೇಡುತ್ತಾನೆ. ಮುಂದೆ ಸ್ವಂತ ಮಗ ಲಕ್ಷ್ಮಣಕುಮಾರ. ಮುಂದೆ ದುಶ್ಶಾಸನ, ಹುಟ್ಟಿನಲ್ಲಿ ಹಿಂದೆ ಬಂದ ತಮ್ಮ ಸಾವಿನಲ್ಲಿ ಮುಂದೆ ಹೋದನಲ್ಲ ಎಂಬ ಸಂಕಟ. ಆಮೇಲೆ ಕರ್ಣ. ಕೊನೆಗೆ ಶರಶಯ್ಯೆಯ ಭೀಷ್ಮ, ಅವನ ಸಲಹೆ, ಮನಸ್ಸಿಲ್ಲದ ಮನಸ್ಸಿನಲ್ಲಿ ವೈಶಂಪಾಯನ ಸರೋವರದೊಳಗೆ ಇಳಿಯುವುದು. ದಡದ ಮೇಲೆ ಭೀಮನ ಗರ್ಜನೆ ಕೇಳಿ ತಣ್ಣೀರಿನೊಳಗೇ ದುರ್ಯೋಧನ ಬೆವರುವುದನ್ನು ಕನ್ನಡ ಬಲ್ಲವರು ಸಾವಿರ ವರ್ಷದಿಂದ ಮರೆತಿಲ್ಲ.

ಇದನ್ನು ಗೇಮಾಗಿ ಕಲ್ಪಿಸಿ. ಮೊದಲರ್ಧದ ನಡಿಗೆಯಲ್ಲಿ ಹೊಡೆದಾಟವೇ ಇಲ್ಲ. ಹೆಗಲ ಮೇಲೆ ಗದೆಯಿದೆ, ಬೀಸಲು ಎದುರಿಗೆ ಯಾರೂ ಉಳಿದಿಲ್ಲ. ನಡೆಯಬೇಕು, ಅಷ್ಟೇ. ನೆತ್ತರಿನಲ್ಲಿ ಕಾಲು ಜಾರುತ್ತದೆ. ಪ್ರತಿ ಹೆಣದ ಬಳಿ ನಿಂತಾಗ ಹಿಂದಿನ ಒಂದು ದಿನ ತೆರೆದುಕೊಳ್ಳುತ್ತದೆ: ಜೂಜಿನ ಸಭೆ, ಅರಗಿನ ಮನೆ, ಚಕ್ರವ್ಯೂಹ. ಅಲ್ಲಿ ಹೊಡೆದಾಟವಿದೆ, ಮಕ್ಕಳು ಬಯಸುವ ವೇಗವಿದೆ. ಆದರೆ ಪ್ರತಿ ಸಲ ಗೆದ್ದು ಹಿಂತಿರುಗಿದಾಗ ಎದುರಿಗೆ ಇರುವುದು ಅದೇ ಹೆಣ. ಆಮೇಲೆ ಸರೋವರ. ನೀರೊಳಗೆ ಇರಲು ಒಂದು ಗುಂಡಿಯನ್ನು ಒತ್ತಿ ಹಿಡಿದಿರಬೇಕು. ಭೀಮನ ಒಂದೊಂದು ಮೂದಲಿಕೆಗೂ ಕೈಯಲ್ಲಿನ ಕಂಟ್ರೋಲರ್ ನಡುಗುತ್ತದೆ. ಬೆರಳು ಎತ್ತಿದ ಕ್ಷಣ ದುರ್ಯೋಧನ ಮೇಲೆದ್ದು ಬರುತ್ತಾನೆ. ಯಾವಾಗ ಎತ್ತಬೇಕೆಂದು ತೀರ್ಮಾನಿಸುವವನು ಆಡುವ ಹುಡುಗ. ಮಾನ ದೊಡ್ಡದೋ ಪ್ರಾಣ ದೊಡ್ಡದೋ ಎಂದು ನಾನು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದರೂ ತಲುಪಿಸಲಾಗದ್ದು ಆ ಒಂದು ಬೆರಳಿನಲ್ಲಿ ತಲುಪುತ್ತದೆ.

ಕೊನೆಯ ಕಾಳಗಕ್ಕೆ ಗದೆ ಕೈ ಬದಲಾಯಿಸಲಿ. ಅಷ್ಟು ಹೊತ್ತು ದುರ್ಯೋಧನನಾಗಿ ನಡೆದವನು ಈಗ ಭೀಮನಾಗಬೇಕು. ಇಬ್ಬರೂ ಸಮಬಲರು. ನಿಯಮ ಪಾಲಿಸಿ ಆಡಿದರೆ ಯುದ್ಧ ಮುಗಿಯುವುದೇ ಇಲ್ಲ. ಮುಗಿಯಬೇಕಾದರೆ ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ಕಟ್ಟಳೆ ಮುರಿದು ತೊಡೆಗೆ ಬಾರಿಸಬೇಕು. ದ್ರೌಪದಿಗೆ ಕೊಟ್ಟ ಮಾತು ಒಂದು ಕಡೆ, ಕಟ್ಟಳೆ ಇನ್ನೊಂದು ಕಡೆ. ಆ ಗುಂಡಿ ಒತ್ತುವ ಮಗುವಿಗೆ ತಾನು ಒತ್ತಿದ್ದು ಏನೆಂದು ಗೊತ್ತಿರುತ್ತದೆ, ಏಕೆಂದರೆ ಆ ತೊಡೆಯವನ ಜೊತೆ ಅದು ರಣರಂಗವಿಡೀ ನಡೆದು ಬಂದಿದೆ. ಡಾಂಟೆಯ ಗೇಮ್ ಮಾಡಿದವರಿಗೆ ಕೈಗೆ ಸಿಕ್ಕಿಯೂ ಜಾರಿಹೋದದ್ದು ಇದು. ನಮ್ಮ ಕವಿ ಇದನ್ನು ತಯಾರು ಮಾಡಿ ಇಟ್ಟುಹೋಗಿದ್ದಾನೆ.

ಕಣ್ಣಿಗೆ ಕಾಣಿಸುವುದಕ್ಕೂ ನಮಗೆ ಬಡತನವಿಲ್ಲ. ವುಕಾಂಗ್ ಮಾಡಿದವರು ಚೀನಾದ 36 ಹಳೆಯ ಸ್ಥಳಗಳನ್ನು ಆರಿಸಿಕೊಂಡು, ಗುಡಿ, ವಿಗ್ರಹ, ಕಂಬಗಳನ್ನು ಗೇಮಿನೊಳಗೆ ತಂದರು. ಅದರಲ್ಲಿ 27 ಸ್ಥಳ ಶಾಂಶಿ (Shanxi) ಪ್ರಾಂತ್ಯವೊಂದರಲ್ಲೇ ಇವೆ. ಅವನ್ನು ನೋಡಲು ಈಗ ಆಟಗಾರರು ಅಲ್ಲಿಗೆ ಹೋಗುತ್ತಿದ್ದಾರೆ. ನಮ್ಮಲ್ಲಿಯೂ, 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿದ ಹಳೇಬೀಡಿನ ಗೋಡೆಯಲ್ಲಿ ಚಕ್ರವ್ಯೂಹವೇ ಕಲ್ಲಿನಲ್ಲಿ ಸುತ್ತಿಕೊಂಡು ನಿಂತಿದೆ. ಹಿಂದಿನ ಕಥೆ ತೋರಿಸುವ ಭಾಗಗಳಿಗೆ ತೊಗಲುಗೊಂಬೆ ಇದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬ ಅಜ್ಜಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಪುಣೆಯ ಒಂದು ಪುಟ್ಟ ತಂಡ 2020ರಲ್ಲಿ ತಂದ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ಗೇಮಿನಲ್ಲಿ ನೆರಳುಗೊಂಬೆಗಳು ಕಥೆ ಹೇಳುವುದನ್ನು ನೋಡಿದರೆ ಇದು ಆಗುವ ಕೆಲಸ ಎಂದು ತಿಳಿಯುತ್ತದೆ.

ಕೈಗಳೂ ನಮ್ಮಲ್ಲೇ ಇವೆ. ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಶುರುವಾದದ್ದು 1997ರಲ್ಲಿ, ಬೆಂಗಳೂರಿನಲ್ಲಿ. ದೊಡ್ಡ ದೊಡ್ಡ ವಿದೇಶಿ ಗೇಮುಗಳಿಗೆ ಅಲ್ಲಿಯ ಹುಡುಗರು ವರ್ಷಗಟ್ಟಲೆ ಚಿತ್ರ, ಮಾದರಿ ಮಾಡಿಕೊಟ್ಟರು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಬೇರೆಯವರ ಕಥೆಗೆ ಬಣ್ಣ ಹಚ್ಚಿದ ಅಷ್ಟೊಂದು ಕೌಶಲ ತನ್ನ ಭಾಷೆಯ ಒಂದು ಕಾವ್ಯಕ್ಕೆ ಸಲ್ಲಲಿಲ್ಲ ಎಂದು ನೆನೆದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನು ಇಲ್ಲಿ, ರೆಸ್ಟನ್ನಿನಿಂದ ಆಶ್‌ಬರ್ನ್‌ವರೆಗೆ, ನಮ್ಮಲ್ಲಿ ಬಹಳ ಮಂದಿ ಸಾಫ್ಟ್‌ವೇರಿನವರೇ. ವುಕಾಂಗ್ ಗೇಮನ್ನು ಕಟ್ಟಿದ್ದು ಅನ್‌ರಿಯಲ್ ಎಂಜಿನ್ 5 ಎಂಬ ಉಪಕರಣದ ಮೇಲೆ. ಅದನ್ನು ತಯಾರಿಸುವ ಎಪಿಕ್ ಗೇಮ್ಸ್ ಇರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಅದಕ್ಕೂ ಮುಂಚೆ, 1991ರಲ್ಲಿ, ಟಿಮ್ ಸ್ವೀನಿ ಎಂಬ ವಿದ್ಯಾರ್ಥಿ ಆ ಕಂಪನಿಯನ್ನು ಶುರು ಮಾಡಿದ್ದು ಮೇರಿಲ್ಯಾಂಡಿನ ಪೊಟೋಮ್ಯಾಕ್ ಊರಿನಲ್ಲಿ, ಅಪ್ಪ ಅಮ್ಮನ ಮನೆಯಲ್ಲಿ. ನಮಗೆ ಅದು ಹೊಳೆಯ ಆಚೆ ದಡ. ಆ ಎಂಜಿನ್ ಕಲಿಯಲು ದುಡ್ಡು ಕೊಡಬೇಕಿಲ್ಲ. ಗೇಮಿನಿಂದ ಹತ್ತು ಲಕ್ಷ ಡಾಲರ್ ಆದಾಯ ದಾಟಿದ ಮೇಲಷ್ಟೇ ಅವರು ಪಾಲು ಕೇಳುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳು ವುಕಾಂಗ್ ಬಗ್ಗೆ ಕನ್ನಡದಲ್ಲಿ ಮಾತಾಡಲಿ. ಅಷ್ಟರೊಳಗೆ ಒಂದು ಸಂಜೆಯಾದರೂ ನೀವು ಅವರ ಪಕ್ಕ ಕೂತು ನೋಡಿ, ಆ ದೈತ್ಯರ ಕಥೆಯ ಪುಟಗಳನ್ನು ಅವರಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿ. ಮೂಲ ಓದಬೇಕೆಂದವರಿಗೆ ಜೂಲಿಯಾ ಲೊವೆಲ್ ಅವರ 2021ರ ಸಂಕ್ಷಿಪ್ತ ಅನುವಾದ ಸುಲಭ. ಹೈಸ್ಕೂಲಿನ ಗಟ್ಟಿ ಓದುಗರಿಗೆ ಆಂಥನಿ ಯೂ ಅವರ ನಾಲ್ಕು ಸಂಪುಟಗಳಿವೆ. ಫೇರ್‌ಫ್ಯಾಕ್ಸ್ ಕೌಂಟಿಯ ಗ್ರಂಥಾಲಯದಲ್ಲಿ ವಿಚಾರಿಸಿ. ರನ್ನನ ಹಳಗನ್ನಡ ನಿಮಗೇ ಕಷ್ಟವೆನಿಸಿದರೆ ಆರ್.ವಿ.ಎಸ್. ಸುಂದರಂ ಮತ್ತು ಆಮ್ಮೆಲ್ ಶರೋನ್ ಅವರ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮಲ್ಲಿ ಕೋಡ್ ಬರೆಯುವವರು, ಚಿತ್ರ ಬಿಡಿಸುವವರು, ಮೃದಂಗ ಚಂಡೆ ಬಲ್ಲವರು ಇದ್ದೀರಿ. ಇಡೀ ಗದಾಯುದ್ಧ ಬೇಡ, ಅದಕ್ಕೆ ನೂರಾರು ಜನ, ವರ್ಷಗಟ್ಟಲೆ ಸಮಯ ಬೇಕು. ಒಂದೇ ಒಂದು ದೃಶ್ಯ ಸಾಕು: ಸರೋವರ, ನೀರೊಳಗೆ ದುರ್ಯೋಧನ, ದಡದಲ್ಲಿ ಭೀಮ. ಐದು ನಿಮಿಷದ ಆಟ. ಮಾತೆಲ್ಲ ಕನ್ನಡದಲ್ಲಿ. ದೊಡ್ಡ ಮಕ್ಕಳು ಕಟ್ಟುತ್ತಾರೆ, ನೀವು ಹೆಗಲು ಕೊಡಿ. ಪದ್ಯ ಆರಿಸಿ, ಬಿಡಿಸಿ, ಅರ್ಥ ಬರೆದುಕೊಡುವ ಕೆಲಸ ನನ್ನದು. ಭೀಮನ ದನಿಗೆ ಎತ್ತರದ ಶಾರೀರದವರೊಬ್ಬರು ಬೇಕು. ಅದಕ್ಕಿಂತ ಮುಖ್ಯವಾಗಿ, ರನ್ನನ ಪದ್ಯವನ್ನು ಗಮಕದಲ್ಲಿ ವಾಚಿಸಬಲ್ಲವರು ಬೇಕು. ಊರಿನಿಂದ ಬಂದು ಆರು ತಿಂಗಳು ಉಳಿಯುವ ಅಜ್ಜ ಅಜ್ಜಿಯರಲ್ಲಿ ಅಂಥವರು ಇರುತ್ತಾರೆಂದು ನನಗೆ ಗೊತ್ತು. ಅವರು ಊರಿಗೆ ಹೊರಡುವ ಮುಂಚೆ ಅವರ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಹಾಗಾಗಿ ಮೊದಲು ಅವರನ್ನು ಕರೆದುಕೊಂಡು ಬನ್ನಿ, ಉಳಿದದ್ದನ್ನು ಕೂತು ಮಾತಾಡೋಣ.

ಇಂತಿ ನಿಮ್ಮ,
ಭಾನುವಾರದ ಕನ್ನಡ ತರಗತಿಯ ಒಬ್ಬ ಶಿಕ್ಷಕಿ
ರೆಸ್ಟನ್, ವರ್ಜೀನಿಯಾ